ಕಲೆಯನ್ನೂ ಚೀಟಿಯಲ್ಲಿ ಬರೆದು ಕಳಿಸುವ ಅಂಗಡಿ

ಕಳೆದ ಜುಲೈಯಲ್ಲಿ ಬಂದ ಮೊದಲ ಪೊಟ್ಟಣದಲ್ಲಿ ನಾಲ್ಕು ಬಟ್ಟೆಗಳಿದ್ದವು. ಮಗನಿಗೆಂದು ತರಿಸಿದ್ದ ನೀಲಿ ಚೌಕಳಿ ಅಂಗಿಯ ಕಾಜಕ್ಕೆ ಬಿಳಿ ದಾರದಲ್ಲಿ ಒಂದು ಚೀಟಿ ಕಟ್ಟಿತ್ತು. ಗುಂಡಗಿನ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ‘ಎದೆ ಸುತ್ತಳತೆ 26 ಅಂಗುಲ, ಉದ್ದ 17, ತೋಳು 6. ಜೇಬಿನ ಕೆಳಗೆ ಸಾಸಿವೆ ಕಾಳಿನಷ್ಟು ಶಾಯಿ ಕಲೆ ಇದೆ, ಎರಡು ಸಲ ಒಗೆದರೂ ಹೋಗಿಲ್ಲ. ಮೂರನೆಯ ಗುಂಡಿ ಬದಲಿಸಿದ್ದು, ಬಣ್ಣ ಸ್ವಲ್ಪ ಬೇರೆ.’ ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿದ ಮೇಲೆ ಆ ಕಲೆ ಕಣ್ಣಿಗೆ ಬಿತ್ತು. ಇಷ್ಟು ವರ್ಷಗಳಿಂದ ಬಟ್ಟೆ ಕೊಳ್ಳುತ್ತಿದ್ದೇನೆ. ಮಾರುವವರು ತಾವಾಗಿಯೇ ದೋಷದ ಮೇಲೆ ಬೆರಳಿಟ್ಟು ತೋರಿಸಿದ್ದು ಅದೇ ಮೊದಲು.

ಈ ಅಂಗಡಿಗೆ ಬೀದಿಯಲ್ಲಿ ಬೋರ್ಡಿಲ್ಲ. ಮೈಸೂರಿನ ಸರಸ್ವತಿಪುರಂನ ಮನೆಯೊಂದರ ಮಹಡಿಯ ಎರಡು ಕೋಣೆಗಳಲ್ಲಿ ಇಬ್ಬರು ಮಹಿಳೆಯರು ಇದನ್ನು ನಡೆಸುತ್ತಾರೆ. ವ್ಯವಹಾರವೆಲ್ಲ ಮೊಬೈಲಿನಲ್ಲೇ. ಹುಟ್ಟಿದ ಕೂಸಿನಿಂದ ಹಿಡಿದು ಹತ್ತು ವರ್ಷದವರೆಗಿನ ಮಕ್ಕಳಿಗೆ ಚಿಕ್ಕದಾದ ಬಟ್ಟೆಗಳನ್ನು ಮನೆಗಳಿಂದ ತರಿಸಿ, ಆರಿಸಿ, ಒಗೆದು, ಇಸ್ತ್ರಿ ಮಾಡಿ ಇನ್ನೊಂದು ಮನೆಗೆ ಮಾರುತ್ತಾರೆ. ‘ಈಗ ಇರುವ ಮನೆಗಳಿಗೇ ಕೈ ಸಾಲುತ್ತಿಲ್ಲ, ಹೆಸರು ಮಾತ್ರ ಬರೆಯಬೇಡಿ ಮೇಡಂ’ ಎಂದು ಅವರು ಕೇಳಿಕೊಂಡದ್ದರಿಂದ ಹೆಸರು ಬಿಟ್ಟಿದ್ದೇನೆ. ಆದರೂ ಬರೆಯುವುದಕ್ಕೆ ಕಾರಣವಿದೆ. ನಾಳೆ ಹಾಸನದಲ್ಲೋ ದಾವಣಗೆರೆಯಲ್ಲೋ ಯಾರಾದರೂ ಇಂಥದನ್ನು ಶುರುಮಾಡಿದರೆ ಅದು ಹೇಗಿರಬೇಕು, ಹೇಗಿರಬಾರದು ಎಂಬುದು ಹತ್ತು ತಿಂಗಳ ಗ್ರಾಹಕಳಾಗಿ ನನಗೆ ಸಾಕಷ್ಟು ತಿಳಿದಿದೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಯಜಮಾನರು ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿ ಬರುವ ಪಾಸ್ ಪ್ರಯಾಣಿಕರು. ಕತ್ತಲಿರುವಾಗ ಹೊರಟು ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಮಗಳಿಗೆ ಎಂಟು, ಮಗನಿಗೆ ನಾಲ್ಕು. ಅತ್ತೆ ಜೊತೆಗಿರುವುದರಿಂದ ಮನೆ ನಡೆಯುತ್ತಿದೆ. ವಾರವಿಡೀ ಹೋದ ಮೇಲೆ ಉಳಿಯುವುದು ಭಾನುವಾರದ ಮಧ್ಯಾಹ್ನದ ಮೂರು ಗಂಟೆ. ಅಷ್ಟರಲ್ಲೇ ಉತ್ತರ ಪತ್ರಿಕೆ ತಿದ್ದಬೇಕು, ದೋಸೆಹಿಟ್ಟು ರುಬ್ಬಬೇಕು, ಮಕ್ಕಳ ಉಗುರು ಕತ್ತರಿಸಬೇಕು. ಹೀಗಾಗಿ ಬೀರುವಿನ ಮೇಲಿನ ಅರೆಯಲ್ಲಿ ಚಿಕ್ಕದಾದ ಬಟ್ಟೆಗಳ ಮೂರು ಗಂಟು ಮೂರು ವರ್ಷದಿಂದ ಹಾಗೆಯೇ ಕೂತಿದ್ದವು.

ನಾನು ಬೆಳೆದ ಕಾಲದಲ್ಲಿ ಈ ಗಂಟು ಇರುತ್ತಿರಲಿಲ್ಲ. ದೊಡ್ಡಪ್ಪನ ಮಗಳ ಫ್ರಾಕು ನನಗೆ, ನನ್ನದು ತಂಗಿಗೆ, ತಂಗಿಯದು ಸೋದರಮಾವನ ಮಗಳಿಗೆ. ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಹೋದಾಗ ಪೆಟ್ಟಿಗೆ ತೆರೆದು ಯಾರಿಗೆ ಯಾವುದು ಎಂದು ಅಜ್ಜಿಯೇ ಹಂಚುತ್ತಿದ್ದರು. ಈಗ ನನ್ನ ತಂಗಿ ಪುಣೆಯಲ್ಲಿದ್ದಾಳೆ, ಭಾವನ ಮಕ್ಕಳು ಡಲ್ಲಾಸಿನಲ್ಲಿ. ಒಂದು ಫ್ರಾಕನ್ನು ಇನ್ನೊಂದು ಮನೆಗೆ ದಾಟಿಸುವ ಆ ಸರಪಳಿ ಕಡಿದುಹೋಗಿದೆ. ಮನೆಗೆಲಸಕ್ಕೆ ಬರುವವರಿಗೆ ಕೊಡೋಣವೆಂದು ಒಮ್ಮೆ ಕೇಳಿದೆ. ‘ನಮ್ಮ ಮೊಮ್ಮಕ್ಕಳು ದೊಡ್ಡವರಾದರಮ್ಮ’ ಎಂದು ನಗುತ್ತಲೇ ಬೇಡವೆಂದರು. ಬೇಡದ್ದನ್ನು ಕೊಟ್ಟು ಕೈ ತೊಳೆದುಕೊಳ್ಳುವುದು ಸರಿಯಲ್ಲವೆಂದು ಅಂದೇ ಅನ್ನಿಸಿತು.

ಇದಕ್ಕೂ ಮೊದಲು, ಹಳೆಯ ಸಾಮಾನು ಕೊಂಡು ಮಾರುವ ಒಂದು ಸಾಮಾನ್ಯ ಜಾಲತಾಣದಲ್ಲಿ ನಾನೇ ಪ್ರಯತ್ನಿಸಿದ್ದೆ. 150 ರೂಪಾಯಿ ಬೆಲೆ ಹಾಕಿದ ಒಂದು ಫ್ರಾಕಿಗೆ 14 ಸಂದೇಶ ಬಂದವು. ಕೊನೆಯ ಬೆಲೆ ಎಷ್ಟು, ಇನ್ನೊಂದು ಫೋಟೊ ಹಾಕಿ, ಹಿಂಭಾಗದ್ದು ಹಾಕಿ. ಭಾನುವಾರ ಬರುತ್ತೇವೆ ಎಂದವರು ಬರಲಿಲ್ಲ. ಅವರ ದಾರಿ ಕಾಯುತ್ತಾ ನಾನು ಮಾರುಕಟ್ಟೆಗೂ ಹೋಗಲಿಲ್ಲ. ಅಲ್ಲಿಗೆ ಆ ಪ್ರಯತ್ನ ಮುಗಿಯಿತು.

ಸರಸ್ವತಿಪುರಂನವರ ಕ್ರಮವೇ ಬೇರೆ. ಚೀಲ ಬೇಕೆಂದು ತಿಳಿಸಿದರೆ ಒಂದು ಕೋರಾ ಬಟ್ಟೆಯ ಚೀಲ ಮನೆಗೆ ಬರುತ್ತದೆ. ಬಾಯಿಗೆ ಲಾಡಿ ಇದೆ, ಇಪ್ಪತ್ತರಷ್ಟು ಮಕ್ಕಳ ಬಟ್ಟೆ ಹಿಡಿಸುತ್ತದೆ. ಒಗೆಯಬೇಕಿಲ್ಲ, ಮಡಚಬೇಕಿಲ್ಲ, ಫೋಟೊ ಬೇಡ, ಬೆಲೆ ಹೇಳುವುದು ಬೇಡ. ತುಂಬಿ ಲಾಡಿ ಬಿಗಿದರೆ ಭಾನುವಾರ ಬೆಳಿಗ್ಗೆ ಒಬ್ಬ ಹುಡುಗ ಸ್ಕೂಟರಿನಲ್ಲಿ ಬಂದು ಒಯ್ಯುತ್ತಾನೆ. ನನಗೆ ಹಿಡಿದದ್ದು 25 ನಿಮಿಷ. ಮೂರು ವರ್ಷದ ಗಂಟುಗಳಲ್ಲಿ ಎರಡು ಅಷ್ಟರಲ್ಲಿ ಖಾಲಿಯಾದವು. ಹತ್ತು ದಿನದೊಳಗೆ ಪಟ್ಟಿ ಬರುತ್ತದೆ: ಇಷ್ಟು ಮಾರಾಟಕ್ಕೆ ತೆಗೆದುಕೊಂಡೆವು, ಇಷ್ಟು ಆಗುವುದಿಲ್ಲ, ಏಕೆ ಆಗುವುದಿಲ್ಲ. ‘ಕಂಕುಳಲ್ಲಿ ಬಣ್ಣ ಹೋಗಿದೆ’, ‘ಕತ್ತಿನ ಪಟ್ಟಿ ಸಡಿಲ’, ‘ಎಲಾಸ್ಟಿಕ್ ಸತ್ತಿದೆ, ಬದಲಿಸಿದರೆ ಮಾರಬಹುದು, ಬದಲಿಸಲೇ?’ ಹೀಗೆ.

ಎಲಾಸ್ಟಿಕ್ ವಿಷಯ ಓದಿ ನನಗೆ ಸಂತೋಷವಾಯಿತು. ಮಕ್ಕಳ ಬಟ್ಟೆಯಲ್ಲಿ ಹತ್ತಿಗಿಂತ ಮೊದಲು ಸಾಯುವುದು ಎಲಾಸ್ಟಿಕ್ಕೇ. ರಬ್ಬರು ಬಿಸಿಲಿಗೆ, ಗಾಳಿಗೆ, ಬಿಸಿನೀರಿಗೆ ತನ್ನ ಗುಣ ಕಳೆದುಕೊಂಡು ಬಿರುಸಾಗುತ್ತದೆ. ಬೀರುವಿನಲ್ಲಿ ಸುಮ್ಮನೆ ಇಟ್ಟರೂ ಅದು ಹಳತಾಗುತ್ತಲೇ ಇರುತ್ತದೆ. ಬಟ್ಟೆ ಗಟ್ಟಿಯಾಗಿದ್ದರೂ ಸೊಂಟ ನಿಲ್ಲದ ಚಡ್ಡಿಯನ್ನು ಎಲ್ಲರೂ ಎಸೆಯುತ್ತಾರೆ. ಇವರು ಹತ್ತಿರದ ದರ್ಜಿಯೊಬ್ಬರಿಂದ 15 ರೂಪಾಯಿಗೆ ಹೊಸ ಎಲಾಸ್ಟಿಕ್ ಹಾಕಿಸಿ ಅದನ್ನು ಇನ್ನೆರಡು ವರ್ಷ ಬದುಕಿಸುತ್ತಾರೆ.

ಕೊಳ್ಳುವ ಕಡೆ ನನಗೆ ಎಲ್ಲಕ್ಕಿಂತ ಉಪಕಾರವಾದದ್ದು ಅಳತೆ. ಕುತ್ತಿಗೆಯ ಪಟ್ಟಿಯ ಮೇಲೆ ‘5-6 ವರ್ಷ’ ಎಂದಿರುವ ಎರಡು ಕಂಪನಿಗಳ ಅಂಗಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿ, ಎರಡು ಅಂಗುಲ ವ್ಯತ್ಯಾಸ ಸಿಕ್ಕಿದರೂ ಆಶ್ಚರ್ಯವಿಲ್ಲ. ಹಲವು ಸಲ ಒಗೆದ ಹತ್ತಿ ಬೇರೆ ಕುಗ್ಗಿರುತ್ತದೆ. ಇವರು ವಯಸ್ಸಿನ ಲೆಕ್ಕವನ್ನು ನಂಬುವುದೇ ಇಲ್ಲ. ಪ್ರತಿ ಬಟ್ಟೆಗೂ ಒಗೆದ ಮೇಲೆ ಟೇಪು ಹಿಡಿಯುತ್ತಾರೆ. ನಮ್ಮ ಮನೆಯಲ್ಲಿ ಈಗ ಮಕ್ಕಳ ಅಳತೆ ಅಡುಗೆಮನೆಯ ಕ್ಯಾಲೆಂಡರಿನ ಮೇಲೆಯೇ ಬರೆದಿರುತ್ತದೆ. ರಾತ್ರಿ ಕುಕ್ಕರ್ ಕೂಗುವಷ್ಟರಲ್ಲಿ ಆರಿಸಿ ಮುಗಿಸುತ್ತೇನೆ. ಹತ್ತು ತಿಂಗಳಲ್ಲಿ ಕೊಂಡ 31 ಬಟ್ಟೆಗಳಲ್ಲಿ ಅಳತೆ ತಪ್ಪಿದ್ದು ಒಂದೇ, ಅದೂ ನಾನು ಮಗನ ಸೊಂಟವನ್ನು ತಪ್ಪಾಗಿ ಅಳೆದದ್ದರಿಂದ.

ಅವರಲ್ಲಿ ಒಬ್ಬರು ಮೊದಲು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಬಟ್ಟೆ ತಪಾಸಣೆಯ ಕೆಲಸ ಮಾಡಿದವರು. ಅಂಗಿಯನ್ನು ಕೈಗೆತ್ತಿಕೊಂಡರೆ ಅವರ ಕಣ್ಣು ಕತ್ತು, ಕಂಕುಳು, ಮೊಣಕೈ, ಅಂಚು ಎಂಬ ಕ್ರಮದಲ್ಲೇ ಓಡುತ್ತದೆ. ಇನ್ನೊಬ್ಬರಿಗೆ ಅವಳಿ ಮಕ್ಕಳು. ಶುರುಮಾಡುವ ಮೊದಲು ಪರಿಚಯದವರಿಂದಲೇ 40 ಚೀಲ ಸಂಗ್ರಹಿಸಿ, ಎಲ್ಲವನ್ನೂ ಸಿದ್ಧಪಡಿಸಿಕೊಂಡ ಮೇಲೆಯೇ ಮಾರಾಟ ತೆರೆದರಂತೆ. ಮೈಸೂರು ನಗರ ಬಿಟ್ಟು ಹೊರಗೆ ಕಳಿಸುವುದಿಲ್ಲ, ದೊಡ್ಡವರ ಬಟ್ಟೆ ಮುಟ್ಟುವುದಿಲ್ಲ. ಈ ಎರಡು ಗೆರೆ ಹಾಕಿಕೊಂಡದ್ದರಿಂದಲೇ ಕೆಲಸ ಅವರ ಹಿಡಿತದಲ್ಲಿದೆ ಎಂದು ನನ್ನ ಅಭಿಪ್ರಾಯ.

ಹೊರದೇಶದ ಎರಡು ಉದಾಹರಣೆಗಳನ್ನು ಓದಿಕೊಂಡೇ ಈ ಕ್ರಮಕ್ಕೆ ಬಂದೆವು ಎಂದರು. ಕುತೂಹಲದಿಂದ ನಾನೂ ಓದಿದೆ. ಅಮೆರಿಕದ ಥ್ರೆಡ್‌ಅಪ್ 2009ರಲ್ಲಿ ಗಂಡಸರ ಶರ್ಟುಗಳ ವಿನಿಮಯದಿಂದ ಶುರುವಾಗಿ, ಮರುವರ್ಷ ಮಕ್ಕಳ ಬಟ್ಟೆಗೆ ಹೊರಳಿತು. ಆಗ ತಂದೆತಾಯಿಯರೇ ಪೆಟ್ಟಿಗೆ ತುಂಬಿ ಇನ್ನೊಂದು ಮನೆಗೆ ಕಳಿಸಬೇಕಿತ್ತು. ಮುಂದೆ ಅದನ್ನು ಬಿಟ್ಟು, ಚೀಲ ಕಳಿಸಿ ಬಟ್ಟೆ ತರಿಸಿಕೊಂಡು, ಆರಿಸುವುದು, ಫೋಟೊ, ಬೆಲೆ, ಮಾರಾಟ ಎಲ್ಲವನ್ನೂ ಕಂಪನಿಯೇ ವಹಿಸಿಕೊಂಡಿತು. ಲಿಥುವೇನಿಯದ ವಿಲ್ನಿಯಸ್‌ನಲ್ಲಿ 2008ರಲ್ಲಿ ಹುಟ್ಟಿದ ವಿಂಟೆಡ್ ಇನ್ನೊಂದು ದಾರಿಯದು. ಅಲ್ಲಿ ಮಾರುವವರೇ ಫೋಟೊ ತೆಗೆದು, ಬೆಲೆ ಹಾಕಿ, ಕಟ್ಟಿ ಕಳಿಸುತ್ತಾರೆ. ಪುರುಸೊತ್ತಿರುವವರಿಗೆ ಎರಡನೆಯದರಲ್ಲಿ ಲಾಭ ಹೆಚ್ಚು. ನನ್ನಂಥ ಮನೆಗೆ ಮೊದಲನೆಯದೇ ಸರಿ. ಸಮಯವಿಲ್ಲದ ಕುಟುಂಬಕ್ಕೆಂದು ಸೇವೆ ತೆರೆದು ಕೆಲಸವನ್ನೆಲ್ಲ ಅದೇ ಕುಟುಂಬದ ತಲೆಗೆ ಕಟ್ಟಿದರೆ ಆ ಸೇವೆಯಿಂದ ಯಾರಿಗೂ ಪ್ರಯೋಜನವಿಲ್ಲ.

ಕೆಲಸ ಅವರದಾದ್ದರಿಂದ ಹಣವೂ ಅವರಿಗೆ ಹೆಚ್ಚು. ಮಾರಿದ ಬೆಲೆಯಲ್ಲಿ ನೂರಕ್ಕೆ 40 ನಮಗೆ, ಉಳಿದದ್ದು ಅವರಿಗೆ. ಅಲ್ಲಿಯೇ ಬಟ್ಟೆ ಕೊಂಡರೆ 50 ಲೆಕ್ಕ ಹಾಕುತ್ತಾರೆ. ನನ್ನ ಎರಡು ಚೀಲಗಳಲ್ಲಿದ್ದ 41 ಬಟ್ಟೆಗಳಲ್ಲಿ 27 ಮಾರಾಟಕ್ಕೆ ಹೋದವು, 22 ಮಾರಾಟವಾದವು. ಕೈಗೆ ಬಂದದ್ದು 1,310 ರೂಪಾಯಿ. 31 ಬಟ್ಟೆಗೆ ನಾನು ಕೊಟ್ಟದ್ದು 4,260. ನಮಗೆ ಸಿಗುವ ಪಾಲು ಕಡಿಮೆಯಾಯಿತೆಂದು ನನ್ನ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಒಂದು ಬಟ್ಟೆಯನ್ನು ಒಗೆದು, ಒಣಗಿಸಿ, ಅಳೆದು, ಗುಂಡಿ ಹಾಕಿ, ಚೀಟಿ ಬರೆದು, 120 ರೂಪಾಯಿಗೆ ಮಾರುವುದರಲ್ಲಿ ಎಷ್ಟು ಕೈಗಳು ದುಡಿಯುತ್ತವೆ ಎಂದು ಎಣಿಸಿದ ಮೇಲೆ ನನಗೆ ಹಾಗೆನ್ನಿಸಲಿಲ್ಲ. ಆ ದುಡಿಮೆಗೆ ಬೆಲೆ ಸಿಗದಿದ್ದರೆ ಸೇವೆ ಎರಡನೆಯ ವರ್ಷ ಕಾಣುವುದಿಲ್ಲ.

ಅತ್ತೆಗೆ ಮಾತ್ರ ಮೊದಮೊದಲು ಮನಸ್ಸೇ ಇರಲಿಲ್ಲ. ‘ಕಂಡವರ ಮಕ್ಕಳು ಹಾಕಿ ಬಿಟ್ಟ ಬಟ್ಟೆ ನಮ್ಮ ಕೂಸಿಗೆ ಯಾಕಮ್ಮ? ಹೊಸದು ತರುವುದಕ್ಕೆ ಕೈಲಾಗದೆ ಇದ್ದೀವಾ?’ ಎಂದರು. ನಾನು ಎದುರಾಡಲಿಲ್ಲ. ಮಗಳು ಹುಟ್ಟಿದಾಗ ಹೊಸ ಬಟ್ಟೆ ಚುಚ್ಚುತ್ತದೆಂದು ತಮ್ಮ ಹಳೆಯ ನೂಲಿನ ಸೀರೆಯನ್ನು ಹರಿದು, ಬಿಸಿನೀರಿನಲ್ಲಿ ಕುದಿಸಿ, ಅದರಲ್ಲೇ ಕೂಸನ್ನು ಸುತ್ತಿದವರು ಅವರೇ. ಕಳೆದ ವರ್ಷ ಬಂದ ಆ ಮೊದಲ ಪೊಟ್ಟಣವನ್ನು ಚೀಟಿಯ ಸಮೇತ ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಅಂಗಿಯನ್ನು ಮೂಗಿನ ಹತ್ತಿರ ಹಿಡಿದರು, ಒಳಮಗ್ಗುಲು ತಿರುಗಿಸಿ ಹೊಲಿಗೆಯ ಮೇಲೆ ಬೆರಳು ಓಡಿಸಿದರು. ‘ಒಗೆದವರು ಮನಸ್ಸಿಟ್ಟು ಒಗೆದಿದ್ದಾರೆ’ ಎಂದಷ್ಟೇ ಹೇಳಿ ಮಡಚಿಟ್ಟರು.

ಕೊರತೆಗಳನ್ನೂ ಹೇಳಬೇಕು. ಮೊದಲನೆಯದು ಗಂಡುಮಕ್ಕಳ ಚಡ್ಡಿ, ಪ್ಯಾಂಟು. ಒಂದು ವರ್ಷದೊಳಗಿನ ಕೂಸುಗಳ ಬಟ್ಟೆ ರಾಶಿ ಇದೆ, ಮೂರು ತಿಂಗಳು ಹಾಕುವಷ್ಟರಲ್ಲಿ ಚಿಕ್ಕದಾಗುವುದರಿಂದ ಅವು ಹೊಸದರ ಹಾಗೆಯೇ ಇರುತ್ತವೆ. ನಾಲ್ಕು ದಾಟಿದ ಹುಡುಗನ ಪ್ಯಾಂಟು ಚಿಕ್ಕದಾಗುವ ಮೊದಲೇ ಮೊಣಕಾಲಲ್ಲಿ ಹರಿದಿರುತ್ತದೆ. ಇದು ಅವರ ತಪ್ಪಲ್ಲ, ಆದರೆ ನನ್ನ ಮಗನಿಗೆ ಪ್ಯಾಂಟನ್ನು ಹೊಸದೇ ಕೊಳ್ಳಬೇಕಾಗಿದೆ. ಮೊಣಕಾಲಿಗೆ ಒಳ್ಳೆಯ ತೇಪೆ ಹಾಕಿದ ಪ್ಯಾಂಟನ್ನೂ ಮಾರಿ ಎಂದು ಹೇಳಿದ್ದೇನೆ, ನಾನಂತೂ ಕೊಳ್ಳುತ್ತೇನೆ.

ಎರಡನೆಯದು ಮಳೆಗಾಲ. ಆಗಸ್ಟ್ ತಿಂಗಳಲ್ಲಿ ಬಂದ ಎರಡು ಟೀಶರ್ಟುಗಳಿಗೆ ಮುಗ್ಗಲು ವಾಸನೆ ಇತ್ತು. ಬಿಸಿಲಿಲ್ಲದಾಗ ಕೋಣೆಯೊಳಗೆ ಒಣಗಿಸಿದ್ದರು. ಮತ್ತೆ ನಾನೇ ಒಗೆಯಬೇಕಾಯಿತು. ಹೇಳಿದ ಮೇಲೆ ಮಳೆಗಾಲದಲ್ಲಿ ಕಳಿಸುವುದು ಎರಡು ದಿನ ತಡವಾಗುತ್ತದೆಂದು ಮೊದಲೇ ತಿಳಿಸುವ ಕ್ರಮ ತಂದರು. ತಡವಾದರೂ ಒಣಗಿದ್ದೇ ಬರಲಿ.

ನನಗೆ ನಿಜವಾಗಿ ಬೇಸರವಾದದ್ದು ಹಣ ಮರಳಿಸುವ ವಿಷಯದಲ್ಲಿ. ಒಂದು ಫ್ರಾಕಿನ ಜಿಪ್ಪು ಮೊದಲ ದಿನವೇ ಕಿತ್ತುಬಂತು. ತಪ್ಪೆಂದು ತಕ್ಷಣ ಒಪ್ಪಿಕೊಂಡರು, ಆದರೆ 140 ರೂಪಾಯಿ ಬರಲು 19 ದಿನ ಹಿಡಿಯಿತು. ನಾನು ಮೂರು ಸಲ ನೆನಪಿಸಿದೆ. ಎಷ್ಟು ದಿನದಲ್ಲಿ ಮರಳಿಸುತ್ತೇವೆ ಎಂದು ಅವರು ಎಲ್ಲಿಯೂ ಬರೆದಿಲ್ಲ. ಕಲೆಯನ್ನು ಸಾಸಿವೆ ಕಾಳಿನ ಲೆಕ್ಕದಲ್ಲಿ ಬರೆಯುವವರು ಇದನ್ನೂ ಬರೆದಿಡಬೇಕಿತ್ತು. ಹೊಸದಾಗಿ ಶುರುಮಾಡುವವರು ಈ ಒಂದು ಸಾಲನ್ನು ಮೊದಲ ದಿನವೇ ಬರೆದು ಹಾಕಲಿ.

ಸಮವಸ್ತ್ರದ ಕಥೆ ಬೇರೆಯೇ ಇದೆ. ಮಗಳ ಶಾಲೆಯ ಸಮವಸ್ತ್ರ ಒಂದೇ ಅಂಗಡಿಯಲ್ಲಿ ಸಿಗುತ್ತದೆ, ಅಲ್ಲಿ ಹೇಳಿದ್ದೇ ಬೆಲೆ. ಮೇ ಕೊನೆಯ ಭಾನುವಾರ ಆ ಅಂಗಡಿಯ ಮುಂದೆ ಬಿಸಿಲಿನಲ್ಲಿ ಸಾಲು ನಿಂತ ತಾಯಂದಿರಿಗೆಲ್ಲ ಅದು ಗೊತ್ತು. ಹೋದ ವರ್ಷ ನಾನೂ ನಿಂತಿದ್ದೆ. ಹೀಗಾಗಿ ಶಾಲೆವಾರು ಹಳೆಯ ಸಮವಸ್ತ್ರ ಸಂಗ್ರಹಿಸಿ ಮಾರುತ್ತೇವೆ ಎಂದು ಇವರು ತಿಳಿಸಿದಾಗ ನನಗೆ ದೊಡ್ಡ ಭಾರ ಇಳಿದಂತಾಯಿತು. ಆದರೆ ಮಾರಾಟ ತೆರೆದದ್ದು ಏಪ್ರಿಲ್‌ನ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ. ನಾನು ಮೌಲ್ಯಮಾಪನದ ಕೆಲಸದಲ್ಲಿದ್ದೆ. ಊಟದ ಬಿಡುವಿನಲ್ಲಿ ಮೊಬೈಲ್ ತೆಗೆದರೆ 28ರ ಅಳತೆಯದು ಒಂದೂ ಉಳಿದಿರಲಿಲ್ಲ. ಕಣ್ಣಲ್ಲಿ ನೀರೇ ಬಂತು. ದುಡಿಯುವ ತಾಯಂದಿರಿಗೆಂದು ಇಟ್ಟ ಅಂಗಡಿಯನ್ನು ಅವರು ದುಡಿಯುವ ಹೊತ್ತಿನಲ್ಲಿ ತೆರೆದರೆ ಹೇಗೆ ಎಂದು ಉದ್ದದ ಸಂದೇಶ ಬರೆದೆ. ಇನ್ನೂ ಕೆಲವರು ಬರೆದಿದ್ದರಂತೆ. ಎರಡನೆಯ ಕಂತನ್ನು ಭಾನುವಾರ ರಾತ್ರಿ ಎಂಟೂವರೆಗೆ ತೆರೆದರು, ಒಂದು ಮನೆಗೆ ಎರಡು ಜೊತೆ ಎಂಬ ಮಿತಿಯನ್ನೂ ಹಾಕಿದರು. ನನಗೆ ಎರಡು ಪಿನಾಫೋರ್, ಒಂದು ಸ್ವೆಟರ್ ಸಿಕ್ಕವು. ಅಂಚಿನ ಒಳಗೆ ಹಿಂದಿನ ಹುಡುಗಿಯ ಹೆಸರಿನ ಮೊದಲ ಅಕ್ಷರವನ್ನು ಕೆಂಪು ದಾರದಲ್ಲಿ ಹೊಲಿದಿದೆ. ಮಗಳು ಅದನ್ನು ಬಿಚ್ಚಬೇಡ ಎಂದಿದ್ದಾಳೆ, ಪಕ್ಕದಲ್ಲೇ ಅವಳದನ್ನೂ ಹೊಲಿಯಬೇಕಂತೆ.

ಒಂದು ಫೋನ್ ಕರೆಯನ್ನು ನಾನು ಮರೆಯುವುದಿಲ್ಲ. ಎರಡನೆಯ ಚೀಲ ಹೋದ ಮೂರನೆಯ ದಿನ ಕರೆ ಬಂತು. ‘ಮೇಡಂ, ಚೀಲದಲ್ಲಿ ಹಳದಿ ಉಣ್ಣೆಯ ಕೈಹೆಣಿಗೆಯ ಸ್ವೆಟರ್ ಇದೆ. ಗೊತ್ತಿದ್ದೇ ಹಾಕಿದ್ದೀರಾ?’ ಗೊತ್ತಿಲ್ಲದೆ ಹಾಕಿದ್ದೆ. ಅದು ನನ್ನ ತಾಯಿ ತೀರಿಕೊಳ್ಳುವ ಹಿಂದಿನ ಚಳಿಗಾಲದಲ್ಲಿ ಮಗಳಿಗೆ ಹೆಣೆದದ್ದು. ಕೈಯಲ್ಲಿ ಹೆಣೆದದ್ದು, ಕಸೂತಿ ಮಾಡಿದ್ದು ಯಾವುದಿದ್ದರೂ ಒಮ್ಮೆ ಕೇಳದೆ ಮಾರುವುದಿಲ್ಲವಂತೆ. ಮರುದಿನ ಆ ಹುಡುಗ ಅದನ್ನು ಬೇರೆ ಕಾಗದದಲ್ಲಿ ಸುತ್ತಿ ತಂದುಕೊಟ್ಟ, ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಮಾರಲಾಗದ ಮೆತ್ತಗಿನ ಹತ್ತಿ ಬಟ್ಟೆಗಳನ್ನು ಕೌದಿ ಹೊಲಿಯುವ, ಧಾರವಾಡದ ಕಡೆಯ ಒಬ್ಬ ಅಜ್ಜಿಗೆ ಕೊಡುತ್ತಾರೆ. ಒಂದು ಪುಟ್ಟ ಕೌದಿಯನ್ನು ಮಗನಿಗೆ ತೆಗೆದುಕೊಂಡಿದ್ದೇನೆ, ಅದರಲ್ಲಿ ತನ್ನ ಹಳೆಯ ಆನೆ ಚಿತ್ರದ ಅಂಗಿಯ ತುಂಡು ಸಿಕ್ಕಿತೆಂದು ಅವನು ದಿನಾ ರಾತ್ರಿ ಹುಡುಕಿ ಮುಟ್ಟುತ್ತಾನೆ.

ಕೊನೆಗೆ ಲಂಗದ ವಿಷಯ. ಗೌರಿ ಹಬ್ಬಕ್ಕೆ ಮಗಳಿಗೆಂದು ಕೊಂಡದ್ದು: ಕಡುಗೆಂಪು ರೇಷ್ಮೆ, ಹಸಿರು ಅಂಚು, ಬೆಲೆ 900. ಕೊಂಡವುಗಳಲ್ಲಿ ಇದೇ ದುಬಾರಿ. ಚೀಟಿಯಲ್ಲಿ ಹೀಗಿತ್ತು: ‘ಸೊಂಟ 23, ಉದ್ದ 27. ಒಳಗೆ ಅಂಚಿನ ಮೇಲೆ ಎರಡು ಮಡಿಕೆ ಹಿಡಿದಿದೆ, ಬಿಚ್ಚಿಲ್ಲ. ಒಂದೊಂದು ಮುಕ್ಕಾಲು ಅಂಗುಲದ ಮಡಿಕೆ, ಬಿಚ್ಚಿದರೆ ಒಂದೂವರೆ ಅಂಗುಲ ಸಿಗುತ್ತದೆ. ಸೋಪಿನಲ್ಲಿ ಒಗೆಯಬೇಡಿ.’ ಹೆಣ್ಣುಮಗು ಬೆಳೆಯುತ್ತದೆಂದು ಲಂಗಕ್ಕೆ ಮಡಿಕೆ ಹಿಡಿದು ಹೊಲಿಸುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಈಗಿನ ಸಿದ್ಧ ಉಡುಪಿನ ಲಂಗಗಳಲ್ಲಿ ನಾನು ಹುಡುಕಿದ ಮಟ್ಟಿಗೆ ಅದು ಸಿಕ್ಕಿರಲಿಲ್ಲ. ಯಾವ ಮನೆಯ ತಾಯಿ ಹೊಲಿಸಿದ್ದೋ, ಅವರ ಮಗಳಿಗೆ ಬಿಚ್ಚುವ ಸಂದರ್ಭವೇ ಬರಲಿಲ್ಲ.

ಗೌರಿ ಹಬ್ಬಕ್ಕೆ ಸರಿಯಾಗಿದ್ದ ಲಂಗ ಸಂಕ್ರಾಂತಿಗೆ ಎಳ್ಳು ಬೀರಲು ಹೋಗುವಾಗ ಸ್ವಲ್ಪ ಮೇಲಾಗಿತ್ತು, ಯುಗಾದಿಯ ಹೊತ್ತಿಗೆ ಕಣಕಾಲಿನ ಮೇಲೆ ನಿಂತಿತು. ಹಬ್ಬದ ಹಿಂದಿನ ರಾತ್ರಿ ಅತ್ತೆ ಬ್ಲೇಡು ತೆಗೆದುಕೊಂಡು ದೀಪದ ಕೆಳಗೆ ಕೂತು, ಒಂದೊಂದೇ ಹೊಲಿಗೆಯನ್ನು ಎತ್ತಿ ಎತ್ತಿ ಕತ್ತರಿಸಿದರು. ಮಡಿಕೆ ಬಿಚ್ಚಿಕೊಂಡಾಗ ಒಳಗಿದ್ದ ರೇಷ್ಮೆ ಎರಡು ಬೆರಳಗಲದ ಪಟ್ಟಿಯಾಗಿ ಹೊರಬಂತು. ಉಳಿದ ಲಂಗಕ್ಕಿಂತ ಅದರ ಕೆಂಪು ಗಾಢವಾಗಿತ್ತು, ಎರಡೂ ಬದಿಗೆ ಸೂಜಿಯ ಸಣ್ಣ ತೂತುಗಳ ಸಾಲು. ಅತ್ತೆ ಅದರ ಮೇಲೆ ನೀರು ಸವರಿ ಉಗುರಿನಿಂದ ತೀಡಿದರು, ಇಸ್ತ್ರಿ ಬಿಸಿ ಮಾಡಲು ನನಗೆ ಹೇಳಿದರು. ಆಮೇಲೆ ನಾನು ಬೀರುವಿನಲ್ಲಿ ಎತ್ತಿಟ್ಟಿದ್ದ ಲಂಗದ ಚೀಟಿಯನ್ನು ಕೇಳಿ ಪಡೆದರು. ಮಗಳ ಪೆನ್ನು ತೆಗೆದುಕೊಂಡು, ಆ ಗುಂಡಗಿನ ಅಕ್ಷರಗಳ ಕೆಳಗೆ ತಮ್ಮ ಕೈಯಿಂದ ಬರೆದರು: ‘ಯುಗಾದಿಗೆ ಒಂದು ಮಡಿಕೆ ಬಿಚ್ಚಿದೆ. ಇನ್ನೊಂದು ಇದೆ.’